ಒಂದೂ ಕ್ಲಿಪ್ ಮುರಿಯದೆ

ಕಾರು ಹಳೆಯದು, ಬಣ್ಣ ಮಾತ್ರ ಹೊಸದು. ಗಾಜು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಮೆಕ್ಯಾನಿಕ್ ಬಾಗಿಲ ಒಳಗಿನ ಪ್ಯಾಡ್ ಬಿಚ್ಚಲು ಕೂತ.

“ಶೋರೂಮಿಂದ ನಾನೇ ತಂದ ಗಾಡಿ. ಇವತ್ತಿನವರೆಗೂ ಯಾರೂ ಇದನ್ನ ಬಿಚ್ಚಿಲ್ಲ. ಒಂದು ಕ್ಲಿಪ್ ಮುರೀಲಿ, ನಿನ್ನನ್ನ ಸ್ಟೇಷನ್ನಿಗೆ ಎಳೀತೀನಿ,” ಎಂದ ಮಾಲೀಕ.

“ಸ್ಕ್ರೂಡ್ರೈವರ್ ತೂರಿಸಲ್ಲ ಸಾರ್.” ಮೆಕ್ಯಾನಿಕ್ ಪ್ಲಾಸ್ಟಿಕ್ ಪಟ್ಟಿ ಹಾಕಿ, ಕೆಳಗಿನಿಂದ ಒಂದೊಂದೇ ಕ್ಲಿಪ್ ಎಬ್ಬಿಸಿದ.

“ಮೆತ್ತಗೆ ಕಣೋ, ಕಳ್ಳನನ್ಮಗನೇ!”

ಪ್ಯಾಡ್ ಕಳಚಿ ಬಂತು. ಬಾಗಿಲು ಗಡಗಡ ಅನ್ನದಿರಲೆಂದು ಯಾರೋ ಒಳಗೆ ಮಗುವಿನ ಹಸಿರು ಲಂಗವೊಂದನ್ನು ತುರುಕಿದ್ದರು. ಮೆಕ್ಯಾನಿಕ್ ಅದನ್ನು ಎಳೆದು, ಬಿಡಿಸಿ ನೋಡಿದ. ಎದ್ದುಹೋಗಿ ಗ್ಯಾರೇಜಿನ ಶಟರ್ ಇಳಿಸಿದ.

“ಒಂದೂ ಕ್ಲಿಪ್ ಮುರಿದಿಲ್ಲ. ಆದ್ರೂ ಸ್ಟೇಷನ್ನಿಗೆ ಹೋಗೋಣ ನಡಿ. ಇದು ನನ್ನ ಮಗಳ ಲಂಗ. ಹೋದ ವರ್ಷ ಕಳುವಾದ ನನ್ನ ಕಾರಿನ ಬಾಗಿಲೊಳಗೆ ನಾನೇ ತುರುಕಿದ್ದು.”