ಗಂಡನ ಮನೆಯ ಪಕ್ಷ

ಧಾರವಾಡದ ಕಲ್ಯಾಣ ಮಂಟಪದಲ್ಲಿ ತಟ್ಟೆಯ ಅಕ್ಕಿಯ ಮೇಲೆ ಮದುಮಗಳ ಹೊಸ ಹೆಸರು ಬರೆದಾಗಿತ್ತು. ಇನ್ನು ಉಳಿದದ್ದು ಕಿವಿಗೆ ಹನಿ ಹಾಕುವ ಶಾಸ್ತ್ರ. ಹನಿ ಇಳಿದರೆ ಸಾಕು, ಸೊಸೆಗೆ ಗಂಡನ ಮನೆಯ ರಾಜಕೀಯವೇ ಸರಿ ಅನ್ನಿಸತೊಡಗುತ್ತದೆ.

"ಹೆಸರು ಬೇಕಾದ್ರ ಬದಲಿ ಮಾಡ್ರಿ," ಮದುಮಗಳು ವತ್ಸಲಾ ಕೂಗಿದಳು. "ನಮ್ಮ ಓಣಿ ಕೆಡವಿದ ಪಕ್ಷಕ್ಕ ನಾ ಓಟ್ ಹಾಕಂಗಿಲ್ಲ!"

"ಹನಿ ಎಲ್ಲಾರೂ ಹಾಕಿಸ್ಕೋತಾರವಾ, ಸುಮ್ನಿರು," ಎಂದು ಅಪ್ಪ ಅವಳ ಭುಜ ಅದುಮಿದ.

ಅವಳು ಅತ್ತೆಯ ಕೈಯಿಂದ ಹನಿಯ ಸೀಸೆ ಕಸಿದು ನೆಲಕ್ಕೆ ಅಪ್ಪಳಿಸಿದಳು. ಯಾರೂ ಬೆಚ್ಚಲಿಲ್ಲ. ವಾಲಗದವರು ಊದುತ್ತಲೇ ಇದ್ದರು.

ಅತ್ತೆ ಸೆರಗಿನ ಗಂಟು ಬಿಚ್ಚಿ ಇನ್ನೊಂದು ಸೀಸೆ ತೆಗೆದರು.

"ನಾನೂ ಮೊದಲನೇದು ಒಡದಿದ್ದೆ ನೋಡವಾ," ಎಂದರು ನಗುತ್ತ. "ಯಾಕ ಅಷ್ಟು ಸಿಟ್ಟು ಬಂದಿತ್ತೋ, ಈಗ ನೆನಪಿಲ್ಲ."