ಒಪ್ಪಿಗೆಯ ಗುಂಡಿ

ಬಾಗಿಲು ಬಡಿದ ಸದ್ದಿಗೆ ಮಂಜುಳಾ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದಳು. ಹೊರಗೆ ಸವಣೂರಿನ ವೀಳ್ಯದೆಲೆ ವ್ಯಾಪಾರಿ ಹಯಾತ. ಫೋನನ್ನು ಅವಳ ಮುಖಕ್ಕೆ ಹಿಡಿದ. ಬಿಳಿ ಪರದೆಯ ನಡುವೆ ಒಂದು ಚಕ್ರ ಗಿರಗಿರನೆ ತಿರುಗುತ್ತಿತ್ತು.

"ಸಂಜೀಯಿಂದ ಹಿಂಗ ತಿರುಗಾಕತ್ತೈತ್ರಿ ಅಕ್ಕಾರ. ಧಾರಣಿ ಕಾಣವಲ್ದಂತ ಮುಂಬೈಯವ್ರು ಬ್ಯಾರೆ ಊರಿನ ಎಲಿ ಹಿಡದ್ರಂತ. ಯಲವಿಗಿಯಾಗ ರೈಲಿಗೆ ಹಾಕೋ ಮಾಲು, ಇನ್ನ ತಿಪ್ಪಿಗೆ ಹಾಕಬೇಕು."

ಮಂಜುಳಾ ದಡದಡನೆ ಪಕ್ಕದ ಕೋಣೆಗೆ ನಡೆದಳು. ಅದೇ ಅವಳು ವೆಬ್‌ಸೈಟ್ ಮಾಡಿಕೊಡುವ ಆಫೀಸು. ಕೈಕೆಳಗಿನ ಹುಡುಗ ಸುಭಾಸ ಇನ್ನೂ ಲ್ಯಾಪ್‌ಟಾಪಿನ ಮುಂದಿದ್ದ.

"ನನ್ನ ಪುಟ ಎಲ್ಲೋ?"

ಹಯಾತನ ವ್ಯಾಪಾರಕ್ಕೆಂದು ಅವಳೇ ಬರೆದುಕೊಟ್ಟ ಆ ಪುಟದಲ್ಲಿ ಇದ್ದದ್ದು ಎರಡೇ ಸಂಗತಿ: ದಿನದ ಧಾರಣೆ, ಹಯಾತನ ಫೋನ್ ನಂಬರು. ಬರೆದಿಟ್ಟದ್ದನ್ನು ತೋರಿಸುವುದು ಬಿಟ್ಟರೆ ಅದಕ್ಕೆ ಬೇರೆ ವಿದ್ಯೆ ತಿಳಿಯದು. ಸ್ಟ್ಯಾಟಿಕ್ ಪುಟ. ಕೆಡುವ ವಿದ್ಯೆಯನ್ನೂ ಅದು ಕಲಿತಿರಲಿಲ್ಲ. ಕೋಡಿಂಗ್ ಲೋಕದಲ್ಲಿ ಇಷ್ಟು ಸರಳವಾಗಿರುವುದಕ್ಕಿಂತ ದೊಡ್ಡ ಅವಮಾನವಿಲ್ಲ.

"ಅಂಥಾ ಪುಟ ಈಗ ಯಾರೂ ಬರಿಯಂಗಿಲ್ರಿ ಮೇಡಂ," ಎಂದ ಸುಭಾಸ. "ಅದನ್ನ ತಗದು ಹೊಸಾದು ಹಾಕೇನ್ರಿ. ಲಾಗಿನ್ ಐತಿ, ಗ್ರಾಫ್ ಐತಿ. ರಾತ್ರಿ ಆದ್ರ ಪರದೆ ತಾನ ಕಪ್ಪಾಗತೈತಿ."

"ಎಲಿನೂ ಹಂಗ ತಾನ ಕಪ್ಪಾಗತಾವ ತಮ್ಮಾ," ಎಂದ ಹಯಾತ.

"ಗುಬ್ಬಿ ಮ್ಯಾಲ ಬ್ರಹ್ಮಾಸ್ತ್ರ ಬಿಟ್ಟೀಯಲ್ಲೋ! ನಾಳಿಂದ ಬರಬ್ಯಾಡ ನೀ," ಎಂದಳು ಮಂಜುಳಾ.

ಸುಭಾಸ ತಲೆ ತಗ್ಗಿಸಿದ. "ಬರದವ ನಾನ ಖರೆರಿ. ಆದ್ರ ಬರದ ಕೂಡ್ಲೆ ಅದು ಹೊರಗ ಹೋಗಂಗಿಲ್ಲಲ್ರಿ. ಇನ್ನೊಬ್ರು ಪೂರಾ ಓದಿ ಒಪ್ಪಿಗಿ ಗುಂಡಿ ಒತ್ತಬೇಕು."

ನಿಜ. ದೊಡ್ಡ ಕಂಪನಿಗಳ ಈ ಸಂಪ್ರದಾಯವನ್ನು ಸವಣೂರಿಗೆ ತಂದವಳು ಮಂಜುಳಾಳೇ. ಸಾವಿರಾರು ಸಾಲುಗಳ ಆ ಹೊಸ ಕೋಡನ್ನು ಯಾರೋ ಪುಣ್ಯಾತ್ಮರು ಚಹಾ ಆರುವುದರೊಳಗೆ ಓದಿ ಮುಗಿಸಿದ್ದರು. ಕೆಳಗೆ 'ಭೇಷ್' ಎಂದು ಬರೆದು, ಹೆಬ್ಬೆರಳಿನ ಚಿತ್ರ ಒತ್ತಿ, ಲೋಕಾರ್ಪಣೆ ಮಾಡಿದ್ದರು.

"ಹಾಲೇಶನ ಇರಬೇಕು," ಎಂದಳು ಮಂಜುಳಾ. ಆಫೀಸಿನ ಮೂರನೆಯ ಆಸಾಮಿ ಅವನು. "ಓದದ ಒತ್ತೋ ಚಟ ಅವಂಗ. ಅವನ್ನೂ ಕೆಲಸ ಬಿಡಸ್ತೇನಿ."

"ಯಾರರ ಆಗಲಿ, ಹೆಸರು ಹೇಳ್ರಿ," ಹಯಾತ ಪಟ್ಟು ಹಿಡಿದ. "ಎಲಿ ಎಲ್ಲಾ ತಂದು ಅವರ ಮನಿ ಮುಂದ ಸುರೀತೇನಿ."

"ಆ ಹೆಸರು ಓದೋ ಸುಭಾಸ, ಗಟ್ಟಿಯಾಗಿ ಓದು. ಇವರಿಗೂ ಕೇಳಲಿ," ಎಂದಳು ಮಂಜುಳಾ.

ಸುಭಾಸ ಪರದೆಯನ್ನು ನೋಡಿದ, ಮೇಡಮ್ಮನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ.

"ಒಪ್ಪಿಗೆ ಕೊಟ್ಟವರು: ಮಂಜುಳಾ."