ಒಳಗೇ ಉಳಿದ ಒಪ್ಪಿಗೆ

"ಡಾಕ್ಟರು ಬೆಳಗ್ಗೇನೇ ಒಪ್ಪಿದ್ರಲ್ಲ, ನೀವ್ಯಾಕೆ ಒಳಗೆ ಬರ್ಲಿಲ್ಲ? ನಿಮ್ಮಮ್ಮ ಉಸಿರು ನಿಲ್ಲೋವರೆಗೂ ಬಾಗಿಲನ್ನೇ ನೋಡ್ತಿದ್ರು," ಎಂದು ನರ್ಸ್ ಕೇಳಿದಾಗ ಮಗಳು ತಲೆ ಎತ್ತಿ ನೋಡಿದಳು. ಡಾಕ್ಟರ ಒಪ್ಪಿಗೆ ತೋರಿಸಬೇಕಿದ್ದ, ಐಸಿಯು ಬಾಗಿಲ ಮೇಲಿನ ಡಿಜಿಟಲ್ ಪರದೆ ಇನ್ನೂ 'ಪ್ರವೇಶವಿಲ್ಲ' ಎನ್ನುತ್ತಿತ್ತು. ಆ ಪರದೆಯ ಪ್ರೋಗ್ರಾಂ ಬರೆದವಳು ಅವಳೇ.

"ಒಂದ್ಸಲ ಬಾಗಿಲು ತಟ್ಟೋಣ ಅಕ್ಕಾ," ಎಂದು ಹೊರಗೆ ಕಾಯುವಾಗ ತಮ್ಮ ಗೋಗರೆದಿದ್ದ. "ಸುಮ್ನೆ ಕೂತ್ಕೊಳೋ, ಅದನ್ನ ಬರೆದಿರೋಳು ನಾನು," ಎಂದು ಗದರಿದ್ದಳು.

ಈಗ ಲ್ಯಾಪ್‌ಟಾಪ್ ತೆರೆದಳು. ಪ್ರೋಗ್ರಾಂನಲ್ಲಿ ಉತ್ತರಕ್ಕಾಗಿ ಕಾಯುವ ಒಂದು 'ಪ್ರಾಮಿಸ್', ಅದರ ಒಳಗೆ ಇನ್ನೊಂದು ಪ್ರಾಮಿಸ್. ಡಾಕ್ಟರ ಒಪ್ಪಿಗೆ ಒಳಗಿನದಕ್ಕೆ ಬಂದು ತಲುಪಿತ್ತು. ಅದನ್ನು ಹೊರಗಿನದಕ್ಕೆ ದಾಟಿಸುವ 'ರಿಟರ್ನ್' ಬರೆಯಲು ಅವಳು ಮರೆತಿದ್ದಳು. ಬರಿಗೈಯಲ್ಲಿ ಉಳಿದ ಹೊರಗಿನದು 'ಇಲ್ಲ' ಎಂದೇ ತಿಳಿದಿತ್ತು.

ಆ ಒಂದು ಪದ ಸೇರಿಸಿದಳು. ಪರದೆ 'ಒಳಗೆ ಬನ್ನಿ' ಎಂದಿತು. ತಮ್ಮ ಅದನ್ನು ಓದಿದ. ಅಕ್ಕನನ್ನು ಕರೆಯದೆ ಒಬ್ಬನೇ ಒಳಗೆ ಹೋದ.